ಹನ್ನೊಂದು ಸಾವಿರ ದಾರ ಕಟ್ಟಿದವನು

“ಅತ್ತೆ, ಬೇರೆಯವರು ಮಾಡೋದು ವೆಬ್‌ಸೈಟ್ ಅಲ್ಲ, ಗೋಡೆಗೆ ಅಂಟಿಸೋ ಪೋಸ್ಟರು. ಒಂದು ಫೋಟೊ, ಕೆಳಗೆ ನಾಲ್ಕು ಸಾಲು, ಒಂದು ಫೋನ್ ನಂಬರು, ಅಲ್ಲಿಗೆ ಮುಗೀತು. ಅದಕ್ಕೇನಾದರೂ ಪ್ರಶ್ನೆ ಕೇಳಿ ನೋಡಿ, ಬಾಯಿ ಬಿಡಲ್ಲ. ನಾನು ಕಟ್ಟೋದು ವಿಕಿ. ಗೊತ್ತಿರೋರು ಯಾರು ಬೇಕಾದರೂ ಬಂದು ಬರೀಬಹುದು, ತಿದ್ದಬಹುದು. ಅದೂ ಮಾಮೂಲಿ ವಿಕಿ ಅಲ್ಲ, ಬರೆದಿದ್ದರ ಅರ್ಥ ತಿಳಿಯೋ ವಿಕಿ. ಈಗ ನಿಮ್ಮನ್ನೇ ತಗೊಳ್ಳಿ. ನಿಮಗೊಂದು ಪುಟ, ನಿಮ್ಮ ಮಗಳಿಗೊಂದು ಪುಟ. ನಡುವೆ ‘ತಾಯಿ’ ಅಂತ ಒಂದು ದಾರ ಕಟ್ಟಿದೆ. ಅವಳ ಪುಟದಿಂದ ನನ್ನ ಪುಟಕ್ಕೆ ‘ಹೆಂಡತಿ’ ಅಂತ ಇನ್ನೊಂದು ದಾರ. ಅಷ್ಟೇ ನನ್ನ ಕೆಲಸ. ನೀವು ನನಗೆ ಅತ್ತೆ ಆಗಬೇಕು ಅನ್ನೋದನ್ನ ಯಾರೂ ಬರೆದಿಲ್ಲ, ಆದರೂ ಅದು ತಾನೇ ತಿಳಕೊಂಡು ಹೇಳುತ್ತೆ. ಪ್ರಪಂಚದಲ್ಲಿ ಇರೋದೇ ಇಷ್ಟು, ವಸ್ತು ಮತ್ತು ಸಂಬಂಧ. ಈ ಗಿರಾಕಿಗಳಿಗೆ ಇದು ತಲೆಗೆ ಹೋಗಲ್ಲ. ಒಬ್ಬ ಬಂದು ಬಣ್ಣ ಬದಲಾಯಿಸಿ ಅಂತಾನೆ, ಇನ್ನೊಬ್ಬ ಅಧ್ಯಕ್ಷರ ಮುಖ ದೊಡ್ಡದು ಮಾಡಿ ಅಂತಾನೆ. ನಾನು ಜ್ಞಾನ ಕೊಡೋಕೆ ಹೋದರೆ ಅವರು ನನ್ನ ಕೈಲಿ ಸುಣ್ಣ ಬಳಿಸೋಕೆ ಬರ್ತಾರೆ.”

ನನ್ನ ಅಳಿಯ ಇಷ್ಟನ್ನೂ ಹೇಳಿದ್ದು ನಾನು ಅವನ ಮೇಜಿನ ಕೆಳಗೆ ಕಸ ಗುಡಿಸುತ್ತಿದ್ದಾಗ. ಮಾತು ನಿಲ್ಲಿಸದೆ ಎರಡು ಕಾಲೂ ಮೇಲೆತ್ತಿಕೊಂಡ. ನಾನು ಗುಡಿಸಿ ಮುಗಿಸಿ ಪೊರಕೆ ಇಟ್ಟು ಬಂದರೂ ಕಾಲು ಮೇಲೇ ಇದ್ದವು. ಎದುರಿಗೆ ಅವನನ್ನು ನೀವು, ತಾವು ಎಂದೇ ಮಾತಾಡಿಸುತ್ತೇನೆ. ಬೆನ್ನ ಹಿಂದೆ ಅಷ್ಟು ಶ್ರಮ ಬೇಡ.

ಮನೆಯ ಮುಂದಿನ ಕೋಣೆಯೇ ಅವನ ಆಫೀಸು. ಎರಡು ಮೇಜು. ಕಿಟಕಿ ಪಕ್ಕದ ದೊಡ್ಡ ಮೇಜು ಅವನದು, ಬಾಗಿಲ ಹಿಂದಿನ ಸಣ್ಣದು ನನ್ನ ಮಗಳದು. ಒಟ್ಟು ಹನ್ನೆರಡು ಗಿರಾಕಿಗಳು: ಹಲ್ಲಿನ ಡಾಕ್ಟರು, ಡ್ರೈವಿಂಗ್ ಶಾಲೆ, ಕನ್ನಡಕದ ಅಂಗಡಿ, ಹೀಗೆ. ಅವನು ಕಟ್ಟುತ್ತಾನೆ, ಅವಳು ಕಾಯುತ್ತಾಳೆ. ಡಾಕ್ಟರು ರಜೆ ಹೋದರೆ ರಜೆಯ ಬೋರ್ಡು ಹಾಕುವುದು, ಸೈಟು ಬಿದ್ದುಹೋದರೆ ಎಬ್ಬಿಸುವುದು, ಕಳ್ಳರು ನುಗ್ಗದಂತೆ ಬೀಗ ಬದಲಾಯಿಸುತ್ತಿರುವುದು, ಪ್ರತಿ ದಿನ ಎಲ್ಲದರ ನಕಲು ತೆಗೆದಿಡುವುದು, ಬೈಯುವವರ ಫೋನು ಎತ್ತುವುದು. ಇದಕ್ಕೆಲ್ಲ ಅಳಿಯ ಇಟ್ಟಿರುವ ಹೆಸರು ‘ಒರೆಸೋ ಕೆಲಸ’. ತನ್ನ ಕಾರ್ಡಿನ ಮೇಲೆ ‘ಜ್ಞಾನ ವಿನ್ಯಾಸಕ’ ಎಂದು ಹಾಕಿಸಿಕೊಂಡಿದ್ದಾನೆ. ಅವಳಿಗೆ ಕಾರ್ಡೇ ಇಲ್ಲ.

ಒಮ್ಮೆ ಅಡುಗೆಮನೆಗೂ ವಿಕಿ ಕಟ್ಟಿದ. ಒಂದೊಂದು ಡಬ್ಬಿಗೂ ಒಂದೊಂದು ಪುಟ. ಸಕ್ಕರೆ ಎರಡನೇ ಹಲಗೆಯಲ್ಲಿದೆ ಎಂದು ಫೋನು ಹೇಳುತ್ತಿತ್ತು. ಇರುವೆ ಹತ್ತಿತೆಂದು ನಾನು ಡಬ್ಬಿಯನ್ನು ಮೇಲಿನ ಹಲಗೆಗೆ ಎತ್ತಿಟ್ಟಿದ್ದೆ. ಅವನು ಡಬ್ಬಿಯ ಎದುರೇ ನಿಂತು, ಫೋನು ನೋಡುತ್ತಾ, ಮನೆಯಲ್ಲಿ ಸಕ್ಕರೆ ಮುಗಿದಿದೆ ಎಂದು ತೀರ್ಮಾನಿಸಿ ಸಪ್ಪೆ ಕಾಫಿ ಕುಡಿದು ಹೋದ. ಕಣ್ಣಿದ್ದವನಿಗೆ ನಾನೇಕೆ ತೋರಿಸಲಿ.

ಇಂಥವನ ಕೈಗೆ ನನ್ನ ತಮ್ಮನ ನಲವತ್ತು ವರ್ಷದ ಬುದ್ಧಿ ಸಿಕ್ಕಿತು.

ತಮ್ಮ ಗಾಲಿಕುರ್ಚಿ ರಿಪೇರಿ ಮಾಡುವವನು. ಕಾಲಿಲ್ಲದವರು, ಸೊಂಟ ಬಿದ್ದವರು, ಹುಟ್ಟಿದಾಗಿನಿಂದ ನಡೆಯದವರು ಅವನ ಬಳಿ ಬರುತ್ತಾರೆ. ಬರುವ ಕುರ್ಚಿಗಳೆಲ್ಲ ಹಳೆಯವು, ಯಾರೋ ಕೊಟ್ಟವು. ಒಂದರ ಕಂಪನಿ ಮುಚ್ಚಿರುತ್ತದೆ, ಇನ್ನೊಂದರ ಹೆಸರೇ ಅಳಿಸಿರುತ್ತದೆ. ಇದರ ಚಕ್ರಕ್ಕೆ ಅದರ ಬೇರಿಂಗು, ಅದರ ಬ್ರೇಕಿಗೆ ಮತ್ತೊಂದರ ಹಿಡಿ, ಹೀಗೆ ಕೂಡಿಸಿ ನಡೆಸಬೇಕು. ಯಾವುದರ ಬದಲು ಯಾವುದು ಆಗುತ್ತದೆ ಎಂದು ಒಂಬತ್ತು ನೋಟ್‌ಬುಕ್ಕು ತುಂಬ ಬರೆದಿಟ್ಟಿದ್ದ. ಅಂಗಡಿಯ ಮುಂದೆ ರಸ್ತೆಗಿಳಿಯುವ ಒಂದು ಇಳಿಜಾರಿದೆ. ರಿಪೇರಿಯಾದ ಕುರ್ಚಿಯನ್ನು ಅದರ ಮಧ್ಯಕ್ಕೆ ತಂದು, ಬ್ರೇಕು ಹಾಕಿ, ತಾನೇ ಕೂತು ಎರಡೂ ಕೈ ಮೇಲೆತ್ತುತ್ತಾನೆ. ನಿಂತರೆ ಕುರ್ಚಿ ಗಿರಾಕಿಗೆ, ಜಾರಿದರೆ ಮತ್ತೆ ಒಳಕ್ಕೆ. ಬೇರೆ ಯಾವ ಅಂಗಡಿಯಲ್ಲೂ ಈ ಪದ್ಧತಿ ಇಲ್ಲ.

ಅವನ ಕಣ್ಣಿಗೆ ಪೊರೆ ಬಂತು. ತಲೆಯಲ್ಲಿರುವುದು ತನ್ನೊಂದಿಗೇ ಹೋಗದೆ ಇನ್ನೂ ಆರು ಊರಿನ ರಿಪೇರಿ ಅಂಗಡಿಗಳಿಗೆ ಸಿಗಲಿ ಎಂದುಕೊಂಡ. ತನ್ನ ಮಗಳಂತೆ ಬೆಳೆಸಿದ ನನ್ನ ಮಗಳ ಮೇಲಿನ ನಂಬಿಕೆಯಿಂದ ಕೆಲಸವನ್ನು ಈ ಮನೆಗೇ ಕೊಟ್ಟ. ಅವಳು ನಾಲ್ಕು ತಿಂಗಳು ಅಂಗಡಿಯ ಎಣ್ಣೆಜಿಡ್ಡಿನ ಸ್ಟೂಲಿನ ಮೇಲೆ ಕೂತು, ನೋಟ್‌ಬುಕ್ಕು ನೋಡಿ, ತಮ್ಮನನ್ನು ಕೇಳಿ, ಎರಡು ಸಾವಿರದ ನೂರು ಜೋಡಿಗಳನ್ನು ವಿಕಿಗೆ ಸೇರಿಸಿದಳು.

ನೋಟ್‌ಬುಕ್ಕಿನಲ್ಲಿ ಪ್ರತಿ ಜೋಡಿಯ ಪಕ್ಕದಲ್ಲೂ ತಮ್ಮ ಏನಾದರೊಂದು ಗೀಚಿರುತ್ತಾನೆ. ಕೂದಲೆಳೆಯಷ್ಟು ಅರದಿಂದ ಉಜ್ಜಬೇಕು, ಎರಡು ವಾಷರು ಹಾಕಬೇಕು, ತೂಕದವರಿಗೆ ಬೇಡ. ಅದಕ್ಕೂ ಒಂದು ಜಾಗ ಮಾಡಿಕೊಡಿ ಎಂದು ಮಗಳು ಕೇಳಿದಳಂತೆ. ಅಳಿಯ ನಕ್ಕ. ಉಜ್ಜಬೇಕು ಅನ್ನುವುದು ಮಾಹಿತಿಯಲ್ಲ, ಹರಟೆ ಎಂದ. ಆಗುತ್ತದೆ ಇಲ್ಲವೇ ಆಗುವುದಿಲ್ಲ, ಎರಡೇ ಉತ್ತರ ಎಂದ. ಆಮೇಲೆ ಒಂದು ದಿನ ಕೂತು ತನ್ನದೇ ಒಂದು ಪ್ರೋಗ್ರಾಮು ಬರೆದ. ಇದರ ಬದಲು ಅದು ಆದರೆ, ಅದರ ಬದಲು ಇನ್ನೊಂದು ಆದರೆ, ಇದರ ಬದಲು ಆ ಇನ್ನೊಂದೂ ಆಗಲೇಬೇಕು ಎಂದು ಅದಕ್ಕೆ ಕಲಿಸಿದ. ಅದು ಒಂದೇ ಮಧ್ಯಾಹ್ನದಲ್ಲಿ ಎರಡು ಸಾವಿರದ ನೂರನ್ನು ಹನ್ನೊಂದು ಸಾವಿರ ಮಾಡಿತು.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ನನ್ನ ಚಪ್ಪಲಿ ಪಟ್ಟಿ ಬಿಗಿ ಮಾಡಿದರೆ ಮಗಳಿಗೆ ಆಗುತ್ತದೆ, ಮಗಳದು ಬೆರಳ ಕಡೆ ಹತ್ತಿ ತುರುಕಿದರೆ ಪಕ್ಕದ ಮನೆ ಹುಡುಗಿಗೆ ಆಗುತ್ತದೆ, ಆದರೆ ನನ್ನದನ್ನು ಆ ಹುಡುಗಿ ಹಾಕಿಕೊಂಡರೆ ಮುಗ್ಗರಿಸುತ್ತಾಳೆ ಎಂಬುದು ನನಗೆ ಗೊತ್ತು. ಇದು ಗೊತ್ತಿಲ್ಲದಿರಲು ತುಂಬಾ ಓದಿರಬೇಕು.

ಹನ್ನೊಂದು ಸಾವಿರದ ಚಿತ್ರವನ್ನು ಅಳಿಯ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಗೋಡೆಗೆ ಹಚ್ಚಿದ. ಚುಕ್ಕಿಗಳು, ಚುಕ್ಕಿಗಳ ನಡುವೆ ಗೆರೆಗಳು, ನೋಡಿದರೆ ಬಾಚಣಿಗೆಯಿಂದ ಬಿಡಿಸಿ ತೆಗೆದ ಕೂದಲಿನ ಉಂಡೆ. ತಮ್ಮನ ಅಂಗಡಿಯವರು ಅಳಿಯನನ್ನು ‘ಗಂಟು ಸಾಹೇಬರು’ ಎಂದು ಕರೆಯುತ್ತಿದ್ದರು. ಅವನು ಅದನ್ನು ಮರ್ಯಾದೆ ಎಂದುಕೊಂಡ. ಆರು ಅಂಗಡಿಗಳಿಗೆ ವಿಕಿ ತೆರೆಯುವುದು ಒಂದು ಸೋಮವಾರ ಎಂದು ನಿಗದಿಯಾಯಿತು. ಅದೇ ದಿನ ಒಂದು ವಸ್ತು ಸಂಗ್ರಹಾಲಯದವರೂ ನೋಡಲು ಬರುವವರಿದ್ದರು. ಅವರ ಕೆಲಸ ಸಿಕ್ಕರೆ ಹಲ್ಲಿನ ಡಾಕ್ಟರು, ಡ್ರೈವಿಂಗ್ ಶಾಲೆ ಎಲ್ಲರನ್ನೂ ಒದ್ದು ಓಡಿಸುತ್ತೇನೆ ಎನ್ನುತ್ತಿದ್ದ.

ಹಿಂದಿನ ಗುರುವಾರ ಒಬ್ಬ ಟೀಚರಮ್ಮ ತಮ್ಮನ ಅಂಗಡಿಗೆ ಬಂದಿದ್ದಳು. ಅವಳ ಕುರ್ಚಿಯ ಬ್ರೇಕು ಸವೆದಿತ್ತು, ಶಾಲೆ ಇರುವುದು ಏರಿನ ಮೇಲೆ. ತಮ್ಮನಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಓದುವಂತಿರಲಿಲ್ಲ. ಅಂಗಡಿಯ ಫಿಟ್ಟರು ವಿಕಿ ನೋಡಿದ. ಯಾವುದೋ ನೀಲಿ ಕುರ್ಚಿಯ ಬ್ರೇಕು ಆಗುತ್ತದೆ ಎಂದು ಅದು ಹೇಳಿತು. ಹಾಕಿದ. ನೋಡಲು ಸರಿಯಾಗಿಯೇ ಕೂತಿತ್ತು. ತಮ್ಮ ಪದ್ಧತಿಯಂತೆ ಇಳಿಜಾರಿನಲ್ಲಿ ಕೂತು ಕೈ ಎತ್ತಿದ. ಕುರ್ಚಿ ಒಂದು ಗಳಿಗೆ ನಿಂತು, ಆಮೇಲೆ ಹೊರಟಿತು. ರಸ್ತೆ ದಾಟಿ ಎದುರಿನ ಗಾಜಿನಂಗಡಿಯ ಕಟ್ಟೆಗೆ ಬಡಿಯಿತು. ತಮ್ಮನ ಭುಜದ ಮೂಳೆ ಬಿರುಕು ಬಿಟ್ಟಿತು. ಟೀಚರಮ್ಮ ಬೆಂಚಿನ ಮೇಲೆ ಕೂತು ಇದೆಲ್ಲವನ್ನೂ ನೋಡಿದಳು. ಆ ಕುರ್ಚಿಯಲ್ಲಿ ತಾನಿರಬೇಕಿತ್ತು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ತಮ್ಮ ಕೈಯನ್ನು ಕೊರಳಿಗೆ ಕಟ್ಟಿಕೊಂಡು ನಮ್ಮ ಮನೆಗೆ ಬಂದ. ಫಿಟ್ಟರು ವ್ಯಾನಿನಿಂದ ಅದೇ ಕುರ್ಚಿಯನ್ನು ಇಳಿಸಿದ. ತಮ್ಮ ಯಾರನ್ನೂ ಬೈಯಲಿಲ್ಲ. ಸಣ್ಣ ಮೇಜಿನ ಹತ್ತಿರ ಹೋಗಿ, “ಆ ಬ್ರೇಕು ಆಗುತ್ತೆ ಅಂತ ನಾನು ಹೇಳಿದ್ನಾ ಮಗಳೇ? ವಯಸ್ಸಾಯ್ತು, ಮರೆತಿದ್ರೂ ಮರೆತಿರಬಹುದು” ಎಂದ. ಅದನ್ನು ಕೇಳುವಾಗ ಅವನ ಮುಖ ನೋಡಲಾಗಲಿಲ್ಲ. ನಲವತ್ತು ವರ್ಷ ಒಬ್ಬರನ್ನೂ ಬೀಳಿಸದವನು ತನ್ನ ತಲೆಯ ಮೇಲೇ ಅನುಮಾನ ಪಡುತ್ತಿದ್ದ.

ವಿಕಿಯಲ್ಲಿ ಯಾವ ಸಾಲನ್ನು ಯಾರು, ಯಾವಾಗ ಬರೆದರು ಎಂಬುದು ಅಳಿಸದೆ ಉಳಿದಿರುತ್ತದೆ. ಮಗಳು ತೆಗೆದು ನೋಡಿದಳು. “ನೀವು ಹೇಳಿಲ್ಲ ಮಾವ, ನಾನೂ ಬರೆದಿಲ್ಲ. ಇವರ ಪ್ರೋಗ್ರಾಮ್ ಬರೆದಿರೋದು” ಎಂದಳು. ಹಾಗೆ ಅದು ಬರೆದದ್ದು ಸುಮಾರು ಒಂಬತ್ತು ಸಾವಿರ ಇವೆ, ಅದರಲ್ಲಿ ಎಷ್ಟು ಬ್ರೇಕುಗಳಿವೆಯೋ ತಿಳಿಯದು, ಸೋಮವಾರ ತೆರೆದರೆ ಆ ಆರು ಅಂಗಡಿಯವರು ಕೂತು ನೋಡದೆ ಹಾಗೇ ಕೊಟ್ಟುಬಿಡುತ್ತಾರೆ ಎಂದಳು.

ಅಳಿಯ ಕುರ್ಚಿಯಿಂದ ಏಳಲಿಲ್ಲ. ತರ್ಕದಲ್ಲಿ ಏನೂ ತಪ್ಪಿಲ್ಲ ಎಂದು ಬಹಳ ಹೊತ್ತು ವಿವರಿಸಿದ. ಕೊನೆಗೆ, “ತಪ್ಪಿರೋದು ನಿಮ್ಮ ಪಾರ್ಟುಗಳಲ್ಲಿ ಮಾವ” ಎಂದ.

“ಹೌದಪ್ಪ,” ಎಂದ ತಮ್ಮ. “ಪಾರ್ಟು ಸರಿಯಾಗಿದ್ದಿದ್ರೆ ನನ್ನ ಹತ್ರ ಯಾರು ಬರ್ತಿದ್ರು.”

ಸಂಗ್ರಹಾಲಯದವರು ಬಂದು ಹೋಗಲಿ, ಅಲ್ಲಿಯವರೆಗೆ ಮೇಲೊಂದು ಸಣ್ಣ ಎಚ್ಚರಿಕೆ ಹಾಕಿದರಾಯಿತು ಎಂದ ಅಳಿಯ. ಹನ್ನೊಂದು ಸಾವಿರ ಎಂದು ಅವರಿಗೆ ಪತ್ರ ಬರೆದಾಗಿದೆ, ಎರಡು ಸಾವಿರಕ್ಕೆ ಇಳಿದರೆ ತನ್ನ ಮುಖ ಎಲ್ಲಿಡುವುದು ಎಂದ. ತಮ್ಮನ ಭುಜದ ಕಡೆಗೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಗೋಡೆಯ ಮೇಲಿನ ಚಿತ್ರದ ಕಡೆಗೆ ಮೂರು ಸಲ ನೋಡಿದ.

ತಮ್ಮ ಹೊರಗೆ ಕೈ ತೋರಿಸಿದ. ನಮ್ಮ ಮನೆ ಮುಂದಿನ ರಸ್ತೆಯೂ ಇಳಿಜಾರೇ.

“ಹೋಗ್ಲಿ ಬಿಡಿ ಅಳಿಯಂದ್ರೆ, ಹನ್ನೊಂದು ಸಾವಿರನೂ ಇರ್ಲಿ. ಒಂದೇ ಒಂದು ಕೆಲಸ ಮಾಡಿ. ಆ ಕುರ್ಚಿ ಮೇಲೆ ಕೂತು ಕೈ ಎತ್ತಿ. ಕೆಳಗೆ ನಮ್ಮ ಫಿಟ್ಟರು ಹಿಡ್ಕೊಳ್ಳೋಕೆ ನಿಂತಿರ್ತಾನೆ. ನೀವು ನಿಂತ್ರೆ ನಾನು ಎದ್ದು ಮನೆಗೆ ಹೋಗ್ತೀನಿ.”

ಅಳಿಯ ಮೊದಲು ನಗಲು ನೋಡಿದ. ಯಾರೂ ನಗಲಿಲ್ಲ. ಆಮೇಲೆ ಇದು ಪರೀಕ್ಷೆ ಮಾಡುವ ವಿಧಾನವೇ ಅಲ್ಲ ಎಂದ. ಆಮೇಲೆ ತನಗೆ ಬೆನ್ನುನೋವು ಎಂದ. ಇಡೀ ದಿನ ಕುರ್ಚಿಯಲ್ಲೇ ಕೂರುವವನಿಗೆ ಆ ಒಂದು ಕುರ್ಚಿಯಲ್ಲಿ ಮಾತ್ರ ಬೆನ್ನು ನೋಯುತ್ತಿತ್ತು. ಬಾಗಿಲವರೆಗೂ ಬರಲಿಲ್ಲ.

ಮಗಳು ಅವನನ್ನೇ ನೋಡುತ್ತಿದ್ದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ತನ್ನ ಮೇಜಿಗೆ ತಿರುಗಿ ನಕಲು ತೆಗೆದಿಟ್ಟು, ಅಳಿಸುವ ಕೆಲಸ ಶುರು ಮಾಡಿದಳು.

“ಏನು ಮಾಡ್ತಿದೀಯ?” ಎಂದ ಅಳಿಯ.

“ಒರೆಸ್ತಿದೀನಿ ರೀ.”

ಅವನು ತಡೆಯಲೆಂದು ತನ್ನ ಕಂಪ್ಯೂಟರಿನ ಕಡೆ ತಿರುಗಿದ. ಅದು ಪಾಸ್‌ವರ್ಡ್ ಕೇಳಿತು. ಸೈಟಿನ ಒಳಮನೆಯ ಬೀಗಗಳನ್ನೆಲ್ಲ ಬದಲಾಯಿಸುತ್ತಾ ಬಂದವಳು ಅವಳು. ಹೊಸದನ್ನು ಅವಳು ಪ್ರತಿ ಸಲವೂ ಬರೆದು ಅವನ ಮೇಜಿನ ಮೇಲೆ ಇಡುತ್ತಿದ್ದಳು. ಅವನು ಆ ಚೀಟಿಯ ಮೇಲೆ ಕಾಫಿ ಲೋಟ ಇಡುತ್ತಿದ್ದ. ಈಗ ಕೇಳಿದ. ಅವಳು ಮುಗಿದ ಮೇಲೆ ಕೊಡುತ್ತೇನೆ ಎಂದಳು.

ಸಂಜೆಯ ಹೊತ್ತಿಗೆ ಎರಡು ಸಾವಿರದ ನೂರು ಉಳಿದವು. ಭಾನುವಾರ ಮಗಳು ಟಿಪ್ಪಣಿಗೆ ಒಂದು ಜಾಗ ಮಾಡಿದಳು, ಬ್ರೇಕುಗಳನ್ನಷ್ಟೇ ಮೊದಲು ಹಿಡಿದೆವು. ತಮ್ಮನ ಕೋಳಿ ಕೆದರಿದಂಥ ಅಕ್ಷರವನ್ನು ನಾನು ಕೂಡಿಸಿ ಕೂಡಿಸಿ ಓದಿದೆ, ಅವನು ಹೌದು ಅಂದ, ಅವಳು ಬರೆದಳು. ಉಜ್ಜಬೇಕು, ಉಜ್ಜಬಾರದು, ಕೂತು ನೋಡದೆ ಕೊಡಬೇಡ. ಟೀಚರಮ್ಮನ ಕುರ್ಚಿಗೆ ಆಗುವ ಬ್ರೇಕು ಆರನೇ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ತಮ್ಮ ಬರೆದದ್ದು ಸರಿಯಾಗಿಯೇ ಇತ್ತು. ಫಿಟ್ಟರು ಅದನ್ನು ಉಜ್ಜಿ ಹಾಕಿ, ಇಳಿಜಾರಿನಲ್ಲಿ ತಾನೇ ಕೂತು ಕೈ ಎತ್ತಿದನಂತೆ. ನಿಂತಿತಂತೆ. ಫೋನಿನಲ್ಲಿ ಅದನ್ನು ಕೇಳಿದ ಮೇಲೆಯೇ ತಮ್ಮ ಊಟಕ್ಕೆ ಎದ್ದ.

ಸೋಮವಾರ ಸಂಗ್ರಹಾಲಯದಿಂದ ಮೂವರು ಬಂದರು. ಅಳಿಯ ಇಸ್ತ್ರಿ ಅಂಗಿ ಹಾಕಿಕೊಂಡು ವಸ್ತು, ಸಂಬಂಧ ಎಂದು ಒಂದು ಗಂಟೆ ಮಾತಾಡಿದ. ಹನ್ನೊಂದು ಸಾವಿರದ ಮಾತೇ ಎತ್ತಲಿಲ್ಲ. ಸಂಖ್ಯೆ ಮುಖ್ಯವಲ್ಲ, ಗುಣ ಮುಖ್ಯ ಎಂದು ಮುಖ ಒಂದಿಷ್ಟೂ ಕೆಂಪಾಗದೆ ಹೇಳಿದ. ಉಜ್ಜಬೇಕು ಎನ್ನುವ ಟಿಪ್ಪಣಿಗಳನ್ನು ತಾನೇ ಯೋಚಿಸಿ ತಂದದ್ದು ಎನ್ನುವಂತೆ ತೋರಿಸಿದ. ಮಗಳು ಬಾಗಿಲ ಹಿಂದೆ ಕೂತು, ಆರು ಅಂಗಡಿಗಳಲ್ಲೊಂದರಿಂದ ಬಂದ ಫೋನಿಗೆ ಉತ್ತರ ಕೊಡುತ್ತಿದ್ದಳು. ವಿಕಿಯಲ್ಲಿ ಆ ಜೋಡಿ ಇಲ್ಲ ಅಂದರೆ ಆಗಲ್ಲ ಅಂತ ಅರ್ಥ, ಅನುಮಾನ ಇದ್ದರೆ ಮಾವನಿಗೆ ಫೋನ್ ಮಾಡಿ ಕೇಳಿ ಎನ್ನುತ್ತಿದ್ದಳು. ಬಂದವರಲ್ಲಿ ಹಿರಿಯನೊಬ್ಬ ಎಲ್ಲ ಕೇಳಿಸಿಕೊಂಡು, ಇದರ ಬಣ್ಣ ಸ್ವಲ್ಪ ಬದಲಾಯಿಸಬಹುದೇ ಎಂದ. ಅಳಿಯ ಧಾರಾಳವಾಗಿ ಎಂದ, ಕೈಯನ್ನೂ ಜೋಡಿಸಿದ.

ಅವರನ್ನು ಕಾರಿನವರೆಗೆ ಕಳಿಸಿ ಬಂದವನು ಕಿಟಕಿ ಪಕ್ಕದ ಮೇಜಿಗೆ ಹೋಗಿ ಬಣ್ಣಗಳನ್ನು ಹುಡುಕತೊಡಗಿದ. ಮಗಳು ಎದ್ದು ಬಂದು ಟ್ರೇ ಎತ್ತಿಕೊಂಡಳು. ನೀನು ಕೂತ್ಕೋ ಎಂದು ನಾನೇ ಇಸಿದುಕೊಂಡೆ. ಐದು ಲೋಟ, ಒಂದು ತಟ್ಟೆ. ತಳದಲ್ಲಿ ಕಾಫಿ ಒಣಗಿ ಹಿಡಿದುಕೊಂಡಿತ್ತು. ನಲ್ಲಿ ಬಿಟ್ಟು ನೆನೆಹಾಕಿ, ನಾರಿನಿಂದ ಒಂದೊಂದಾಗಿ ತಿಕ್ಕಿ ತೊಳೆದು, ಬೋರಲು ಹಾಕಿದೆ.