ನಿಜ್ವಾಕ್ಕೆ ನಾನೇ ಡ್ರೈವರ್

ಲೈಸೆನ್ಸ್ ನನ್ನ ಕೈಗೆ ಬಂದು ಎಂಟು ತಿಂಗಳಾಗಿತ್ತು; ಕಾರಿನ ಕೀ ಮಾತ್ರ ಬಂದಿರಲಿಲ್ಲ. ಹಾಗಾಗಿ ಡಿಸೆಂಬರಿನ ಒಂದು ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ಮಸ್ಕತ್ತಿನ ಗುಬ್ರಾದಲ್ಲಿರುವ ನಮ್ಮ ಫ್ಲಾಟಿನ ಕೆಳಗೆ, ನಾನು ಸ್ಟಿಯರಿಂಗ್ ಹಿಡಿದು ಕುಳಿತದ್ದನ್ನು ನೋಡಲು ಎದುರಿನ ಗ್ರೋಸರಿಯವನು ಅಂಗಡಿ ಬಿಟ್ಟು ಹೊರಗೆ ಬಂದು ನಿಂತ. ಪಕ್ಕದ ಸೀಟಿನಲ್ಲಿ ನನ್ನ ಗಂಡ ದಾಮೋದರ ಬೆಲ್ಟನ್ನು ಎರಡು ಸಲ ಎಳೆದು ಪರೀಕ್ಷಿಸಿದರು. ನಂತರ ಕಣ್ಣು ಮುಚ್ಚಿ ಕಟೀಲಿನ ಅಮ್ಮನಿಗೆ ಕೈ ಮುಗಿದರು. ಇಪ್ಪತ್ತೆರಡು ವರ್ಷ ಅವರ ಪಕ್ಕದಲ್ಲಿ ಕುಳಿತು ಒಮಾನ್ ಸುತ್ತಿದವಳು ನಾನು. ಒಂದು ದಿನವೂ ಹಾಗೆ ಕೈ ಮುಗಿದದ್ದಿಲ್ಲ.

ನಾನು ಇಲ್ಲಿನ ಒಂದು ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತೇನೆ, ಇವರದು ಖುರುಮಿನಲ್ಲಿ ಆಫೀಸು. ಮನೆಗೆ ಒಂದೇ ಕಾರು, ಅದು ಇವರದು ಎಂಬುದು ಯಾರೂ ಬರೆದಿಡದ ಕಾನೂನು. ನಾನು ಶಾಲೆಯ ವ್ಯಾನಿನಲ್ಲಿ ಹೋಗಿ ಬರುವವಳು. ಒಂದು ಸಂಜೆ ಒಬ್ಬಳೇ ಸಮುದ್ರದ ಹತ್ತಿರ ಹೋಗಿ ಕೂರೋಣ ಎಂದು ಆಸೆಯಾದರೆ ಇವರ ಮೀಟಿಂಗು, ಇವರ ಬೆನ್ನುನೋವು, ಇವರ ಕ್ರಿಕೆಟ್ ಮ್ಯಾಚು ಎಲ್ಲ ವಿಚಾರಿಸಿಕೊಂಡು ಆಸೆಪಡಬೇಕಿತ್ತು. ಐವತ್ತನೆಯ ವಯಸ್ಸಿನಲ್ಲಿ ಹಟ ಹಿಡಿದು ಡ್ರೈವಿಂಗ್ ಕಲಿತದ್ದು ಇದಕ್ಕೇ. ಒಮಾನಿನ ಡ್ರೈವಿಂಗ್ ಪರೀಕ್ಷೆಯಲ್ಲಿ ಕಬ್ಬಿಣದ ಡ್ರಮ್ಮುಗಳ ನಡುವಿನ ಇಕ್ಕಟ್ಟಿನಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯಬೇಕು. ಒಂದು ಡ್ರಮ್ಮಿಗೆ ತಾಗಿದರೂ ಖಲಾಸ್. ನಾನು ಎರಡು ಸಲ ಡ್ರಮ್ಮಿನಲ್ಲಿ, ಒಂದು ಸಲ ರೋಡ್ ಟೆಸ್ಟಿನಲ್ಲಿ ಫೇಲಾಗಿ ನಾಲ್ಕನೆಯ ಸಲ ಪಾಸಾದೆ. ಮನೆಗೆ ಬಂದು ಲೈಸೆನ್ಸ್ ತೋರಿಸಿದರೆ ಇವರು, "ಒಳ್ಳೆದಾಯ್ತು, ಐಡಿ ಪ್ರೂಫಿಗೆ ಆಗ್ತದೆ" ಎಂದರು.

ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು "ನಿಂಗೆ ಎಂತ ಬೇಕು ಹೇಳು" ಎಂದು ಇವರು ಕೇಳಿದಾಗ ಬಳೆಯ ಲೆಕ್ಕದಲ್ಲಿದ್ದರು. ನಾನು, "ನಿಜ್ವಾಕ್ಕೆ ಹೋಗುವ. ನಾನೇ ಓಡಿಸುವುದು. ವಾಪಸ್ ಬರುವವರೆಗೆ ಕೀ ನನ್ನ ಬ್ಯಾಗಲ್ಲೇ" ಎಂದೆ. ನಿಜ್ವಾ ಒಂದು ಕಾಲದಲ್ಲಿ ಈ ದೇಶದ ರಾಜಧಾನಿಯಾಗಿದ್ದ ಹಳೆಯ ಪಟ್ಟಣ, ಮಸ್ಕತ್ತಿನಿಂದ ಸುಮಾರು ನೂರ ಅರವತ್ತು ಕಿಲೋಮೀಟರ್. ಇವರು ಬಳೆಗೆ ಎಷ್ಟಾದೀತು ಎಂದು ಇನ್ನೊಮ್ಮೆ ಆಸೆ ತೋರಿಸಿ ನೋಡಿದರು. ಕೊನೆಗೆ ಒಪ್ಪಂದವಾಯಿತು: ಕಾರಿಗೆ ಒಂದು ಗೀರೂ ಬೀಳದೆ ಹೋಗಿ ಬಂದರೆ ಆಮೇಲೆ ಯಾವಾಗ ಬೇಕಾದರೂ ಕೀ ನನ್ನದು. ಗೀರು ಬಿದ್ದರೆ ಶಾಲೆಯ ವ್ಯಾನ್ ಇದ್ದೇ ಇದೆ.

ಬುರ್ಜ್ ಅಲ್ ಸಹ್ವಾ ಸರ್ಕಲ್ ದಾಟುವ ಮೊದಲು ಪೆಟ್ರೋಲ್ ಹಾಕಿಸಿದೆವು, ಲೀಟರಿಗೆ ಇನ್ನೂರ ಮೂವತ್ತೊಂಬತ್ತು ಬೈಸಾ; ಸಾವಿರ ಬೈಸಾಕ್ಕೆ ಒಂದು ರಿಯಾಲ್. ಅಲ್ಲಿಂದ ನಿಜ್ವಾದ ರಸ್ತೆ ಅಗಲ, ನುಣುಪು. ಎರಡೂ ಕಡೆ ಒಂದು ಹುಲ್ಲೂ ಇಲ್ಲದ ಕಂದು ಬೆಟ್ಟಗಳು. ನಾನು ಬಲಗಡೆಯ ನಿಧಾನದ ಲೇನಿನಲ್ಲಿ ತೊಂಬತ್ತೈದರಲ್ಲಿ ಹೋಗುತ್ತಿದ್ದೆ. ಮಾತಾಡುವುದಿಲ್ಲ ಎಂದು ಮಾತು ಕೊಟ್ಟಿದ್ದರಿಂದ ಇವರ ಬಾಯಿಗೆ ಬೀಗ. ಆದರೆ ಬಲಗಾಲಿಗೆ ಬೀಗ ಹಾಕುವುದನ್ನು ಮರೆತಿದ್ದೆವು. ಎದುರಿಗೆ ಲಾರಿ ಕಂಡ ಕೂಡಲೇ ಅವರ ಕಾಲು ಮ್ಯಾಟನ್ನು ಜೋರಾಗಿ ಒತ್ತುತ್ತಿತ್ತು. ಬಿದ್‌ಬಿದ್ ಎಂಬ ಊರು ಬರುವಷ್ಟರಲ್ಲಿ ಆ ಇಲ್ಲದ ಬ್ರೇಕು ಸವೆದುಹೋಗಿರಬೇಕು.

"ನಿಮ್ಮ ಕಡೆ ಬ್ರೇಕ್ ಚೆನ್ನಾಗಿ ಹಿಡೀತದಾ?" ಎಂದು ಕೇಳಿದೆ.

"ನೀನು ಮುಂದೆ ನೋಡು ಮಾರಾಯ್ತಿ!"

ಸಮಾಯಿಲಿನ ಹತ್ತಿರ ಒಂದು ಕೆಫೆಟೇರಿಯದಲ್ಲಿ ನಿಲ್ಲಿಸಿ, ಮನೆಯಿಂದ ತಂದಿದ್ದ ಬನ್ಸನ್ನು ಅಲ್ಲಿನ ಗಟ್ಟಿ ಹಾಲಿನ ಕರಕ್ ಚಹದ ಜೊತೆ ತಿಂದೆವು. ಚಹ ಇನ್ನೂರು ಬೈಸಾ, ಏಲಕ್ಕಿ ಧಾರಾಳ. ಇವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಗೀರು ಹುಡುಕಿದರು. ಸಿಗಲಿಲ್ಲ. ಸ್ವಲ್ಪ ಬೇಸರವೇ ಆದ ಹಾಗಿತ್ತು.

ನಿಜ್ವಾ ತಲುಪಿದಾಗ ಐದೂಕಾಲು. ಮುಳುಗುವ ಬಿಸಿಲಿನಲ್ಲಿ ಕೋಟೆಯ ಗುಂಡನೆಯ ದೊಡ್ಡ ಬುರುಜು ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಅದರ ಸುತ್ತ ಖರ್ಜೂರದ ತೋಟ. ಕೋಟೆಯ ಎದುರಿನ ಮೈದಾನದಲ್ಲಿ ಎರಡು ದೊಡ್ಡ ಜೀಪುಗಳ ನಡುವೆ ಒಂದೇ ಒಂದು ಜಾಗವಿತ್ತು. ಇವರು "ಕೊಡು, ಇದೊಂದು ನಾನು ಹಾಕ್ತೇನೆ" ಎಂದು ಬೆಲ್ಟ್ ಬಿಚ್ಚುವುದರೊಳಗೆ ಹಿಂದಕ್ಕೆ ತೆಗೆದು ನಿಲ್ಲಿಸಿಬಿಟ್ಟೆ. ಕಲ್ಲುಬೆಂಚಿನ ಮೇಲೆ ಕೋಲು ಹಿಡಿದು ಕೂತಿದ್ದ ಬಿಳಿಗಡ್ಡದ ಒಮಾನಿ ಅಜ್ಜ ನನ್ನ ಕಡೆ ನೋಡಿ ಮೆಲ್ಲನೆ ತಲೆಯಾಡಿಸಿದರು. ಅಷ್ಟು ಸಾಕಾಗಿತ್ತು ನನಗೆ. ರಾತ್ರಿ ಊಟವೇ ಬೇಡ ಎನ್ನುವಷ್ಟು ಖುಷಿ.

ನಾವು ಇಳಿದುಕೊಂಡದ್ದು ಕೋಟೆಯ ಹಿಂದಿನ ಹಳೇ ಕೇರಿಯಲ್ಲಿ, ಮಣ್ಣಿನ ಮನೆಯೊಂದನ್ನು ದುರಸ್ತಿ ಮಾಡಿ ವಸತಿಗೃಹ ಮಾಡಿದ್ದಾರಲ್ಲ, ಅಂಥದ್ದರಲ್ಲಿ. ಬೆಳಗಿನ ತಿಂಡಿ ಸೇರಿ ದಿನಕ್ಕೆ ಇಪ್ಪತ್ತೈದು ರಿಯಾಲ್. ಖರ್ಜೂರದ ಮರದ ತೊಲೆಗಳು, ಎರಡು ಅಡಿ ದಪ್ಪದ ಗೋಡೆ, ಒಳಗೆ ಹಿತವಾದ ತಂಪು. ಅದನ್ನು ನೋಡಿಕೊಳ್ಳುವ ಅಶ್ರಫ್ ಉಳ್ಳಾಲದ ಬ್ಯಾರಿ ಹುಡುಗ. ನಮ್ಮ ತುಳು ಕಿವಿಗೆ ಬಿದ್ದದ್ದೇ, "ಅಕ್ಕ, ನೀವು ಊರಿನವರಾ! ಮೊದಲೇ ಹೇಳ್ಬಾರ್ದಾ, ಮೇಲಿನ ರೂಮು ಕೊಡ್ತಿದ್ದೆ" ಎಂದು ಸಾಮಾನೆಲ್ಲ ಮತ್ತೆ ಹೊತ್ತು ಮಹಡಿಗೆ ಸಾಗಿಸಿದ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಆಡಿನ ಸಂತೆಗೆ ಹೋದೆವು. ಇವರು ಸ್ವೆಟರಿನೊಳಗೂ ನಡುಗುವಷ್ಟು ಚಳಿ. ನಮ್ಮ ಮಲ್ಪೆಯ ಬಂದರಿನಲ್ಲಿ ಮೀನು ಸುಮ್ಮನೆ ಬಿದ್ದಿರುತ್ತದೆ, ಗಿರಾಕಿಗಳು ಸುತ್ತ ಓಡಾಡುತ್ತಾರೆ. ಇಲ್ಲಿ ಗಿರಾಕಿಗಳು ದುಂಡಗೆ ಕೂರುತ್ತಾರೆ, ಸರಕೇ ನಡೆದುಕೊಂಡು ಬರುತ್ತದೆ. ಹಗ್ಗ ಹಿಡಿದು ಆಡನ್ನು ಎಳೆಯುತ್ತಾ ಬೆಲೆ ಕೂಗುವವರು ಸುತ್ತು ಹಾಕುತ್ತಿದ್ದರು; ಕೂತವರು ಬೇಕೆನಿಸಿದ್ದನ್ನು ನಿಲ್ಲಿಸಿ ಹಲ್ಲು ನೋಡಿ, ಬೆನ್ನು ಒತ್ತಿ, ಮುಖ ಸಿಂಡರಿಸಿ ಮುಂದಕ್ಕೆ ಕಳಿಸುತ್ತಿದ್ದರು. ಒಂದು ಕರಿಯ ಆಡು ಸಾಲಿನಿಂದ ತಪ್ಪಿಸಿಕೊಂಡು ಬಂದು ಇವರ ಸ್ವೆಟರಿನ ಅಂಚನ್ನು ಬಾಯಿಗೆ ಹಾಕಿಕೊಂಡಿತು. ಇವರು ಬಿಡಿಸಿಕೊಳ್ಳುವಷ್ಟರಲ್ಲಿ ಸುತ್ತ ಕೂತವರೆಲ್ಲ ನಕ್ಕು, ಒಬ್ಬರು ಇವರ ಬೆನ್ನನ್ನೇ ಒತ್ತಿ ನೋಡಿದರು. ನಾನು ನಗುತ್ತಾ ನಗುತ್ತಾ ಅಲ್ಲೇ ಕುಳಿತುಬಿಟ್ಟೆ. ಇಬ್ಬರೂ ಒಟ್ಟಿಗೆ ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ಕೋಟೆಯ ಟಿಕೆಟ್ ತಲೆಗೆ ಐದು ರಿಯಾಲ್. ದುಬಾರಿ ಎಂದು ಗೊಣಗುತ್ತಾ ಹತ್ತಿದ ಇವರು ಮೇಲೆ ಹೋದ ಮೇಲೆ ಇಳಿಯಲೇ ಒಲ್ಲರು. ಬುರುಜಿನ ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ತಲೆಯ ಮೇಲೆ ತೂತುಗಳಿವೆ. ಮುತ್ತಿಗೆ ಹಾಕಲು ಬಂದವರ ಮೇಲೆ ಅಲ್ಲಿಂದ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದರಂತೆ. ಖರ್ಜೂರದ ಮೂಟೆಗಳನ್ನು ಪೇರಿಸಿಟ್ಟು, ಸೋರುವ ಪಾಕ ಹರಿದು ಬರಲು ನೆಲದಲ್ಲಿ ಕಾಲುವೆ ತೋಡಿದ ಕೋಣೆಯನ್ನೂ ನೋಡಿದೆವು. ಆಮೇಲೆ ಸೂಕ್‌ನಲ್ಲಿ, ಎಂದರೆ ಹಳೇ ಪೇಟೆಯಲ್ಲಿ, ಬಿಸಿಬಿಸಿ ಕೇಸರಿ ಹಲ್ವ ತಿಂದು, ಒಂದು ದೊಡ್ಡ ಮಣ್ಣಿನ ಹಂಡೆ ಕೊಂಡೆ. ಪಕ್ಕದ ಬಹ್ಲಾದ ಕುಂಬಾರರು ಮಾಡಿದ್ದು. ಬಾಲ್ಕನಿಯಲ್ಲಿ ಮಲ್ಲಿಗೆ ಗಿಡಕ್ಕೆಂದು ಆಸೆಪಟ್ಟೆ. ರೂಮಿನವರೆಗೆ ಹೊತ್ತವರು ಇವರು. ಮಧ್ಯಾಹ್ನ ನಮಾಜಿಗೆ ಅಂಗಡಿಗಳು ಮುಚ್ಚಿದಾಗ ನಾವೂ ಮಲಗಿದೆವು. ಸಂಜೆ ಕೇರಿಯ ಹಳೇ ಗೋಡೆಯ ಮೇಲೆ ಕೈ ಕೈ ಹಿಡಿದು ನಡೆದೆವು. ಗೋಡೆ ಎತ್ತರವಿದೆ, ಬೀಳಬಾರದೆಂದು ಹಿಡಿದದ್ದು ಎಂದು ಇವರು ವಿವರಣೆ ಕೊಟ್ಟರು.

ಎಡವಟ್ಟಾದದ್ದು ಶನಿವಾರ. ತಿಂಡಿ ಮುಗಿಸಿ ನಾನು ಬಟ್ಟೆ ತುಂಬುತ್ತಿದ್ದೆ. ಇವರು ಕಾಣಲಿಲ್ಲ. ಅಷ್ಟರಲ್ಲಿ ಅಶ್ರಫ್ ಏದುಸಿರು ಬಿಡುತ್ತಾ ಬಂದ. "ಅಕ್ಕ, ಅಣ್ಣ ಓಣಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಕಾರಿನೊಳಗೆ!"

"ಕಾರಿನೊಳಗೆ ಹೇಗೆ? ಕೀ ನನ್ನ ಹತ್ತಿರ ಉಂಟಲ್ಲ!" ಬ್ಯಾಗಿನಲ್ಲಿ ಕೈ ಹಾಕಿದೆ. ಇತ್ತು.

ಓಡಿ ಹೋಗಿ ನೋಡಿದರೆ, ಎರಡು ಮಣ್ಣಿನ ಗೋಡೆಗಳ ನಡುವೆ, ಓಣಿ ತಿರುಗುವ ಕಡೆ, ನಮ್ಮ ಹತ್ತು ವರ್ಷದ ಬಿಳಿ ಕಾರು. ಕನ್ನಡಿಗಳೆರಡೂ ಕಿವಿ ಮಡಚಿಕೊಂಡಿದ್ದವು. ಡ್ರೈವರ್ ಕಡೆಯ ಗೋಡೆಗೆ ಎರಡು ಬೆರಳಿನ ಅಂತರ. ಒಳಗೆ ಇವರು ಬೆವರಿ ಒದ್ದೆಯಾಗಿ ಕುಳಿತಿದ್ದರು. ಹಂಡೆ ಭಾರ, ಕಾರನ್ನೇ ಬಾಗಿಲಿಗೆ ತರೋಣ ಎಂದು ಹೋದವರು ಫೋನಿನ ಮ್ಯಾಪು ನಂಬಿ ಇಲ್ಲಿಗೆ ನುಗ್ಗಿದ್ದರು. ಕೀ? ಕಾರು ಕೊಂಡಾಗ ಸಿಕ್ಕಿದ ಎರಡನೆಯ ಕೀ, ಹತ್ತು ವರ್ಷದಿಂದ ಕಪಾಟಿನ ಸ್ಟೀಲ್ ಡಬ್ಬದಲ್ಲಿ ಪ್ಲಾಸ್ಟಿಕ್ ಕೂಡ ಬಿಚ್ಚದೆ ಮಲಗಿದ್ದದ್ದು, ಗುಟ್ಟಾಗಿ ಇವರ ಶೇವಿಂಗ್ ಕಿಟ್ಟಿನಲ್ಲಿ ನಿಜ್ವಾಕ್ಕೆ ಬಂದಿತ್ತು.

"ಎಲ್ಲಾದರೂ ನೀನು ಕಳೆದರೆ ಅಂತ..." ಎಂದರು ಕಿಟಕಿಯ ಸಂದಿಯಿಂದ.

ನನಗೆ ಸಿಟ್ಟಿಗಿಂತ ಹೆಚ್ಚು ದುಃಖವಾಯಿತು. ನಾನು ನೂರ ಅರವತ್ತು ಕಿಲೋಮೀಟರ್ ಓಡಿಸುವಾಗ ಇವರ ನಂಬಿಕೆಯೆಲ್ಲ ಶೇವಿಂಗ್ ಕಿಟ್ಟಿನಲ್ಲಿತ್ತು.

ಅಷ್ಟರಲ್ಲಿ ಬಲಗಡೆಯ ಮನೆಯ ನೀಲಿ ಬಾಗಿಲು ತೆರೆಯಿತು. ಗೋಡೆಯಿಂದ ತುಸು ಒಳಗೆ ಸರಿದ ಬಾಗಿಲು ಅದು. ಕಾರಿನ ಹಿಂದಿನ ಬಾಗಿಲು ಸರಿಯಾಗಿ ಅದರೆದುರು ನಿಂತಿತ್ತು. ಹೊರಗೆ ಬಂದವರು ಮೊನ್ನೆ ಬೆಂಚಿನ ಮೇಲಿದ್ದ ಬಿಳಿಗಡ್ಡದ ಅಜ್ಜ. ಇವರು ಸೀಟುಗಳ ನಡುವೆ ನುಸುಳಿ, ಹೊಟ್ಟೆ ಸಿಕ್ಕಿಕೊಂಡು, ಕೊನೆಗೆ ಹಿಂದಿನ ಬಾಗಿಲಿನಿಂದ ನೇರ ಅಜ್ಜನ ಹೊಸ್ತಿಲಿಗೇ ಬಂದಿಳಿದರು. ಬಂದವರು ಯಾವ ದಾರಿಯಲ್ಲಿ ಬಂದರೂ ಅತಿಥಿಯೇ ಎನ್ನುವಂತೆ ಅಜ್ಜ ಇವರನ್ನು ಕೂರಿಸಿ ಕಹ್ವಾ ಮತ್ತು ಖರ್ಜೂರ ತರಿಸಿದರು. ಆ ಕಡು ಕಾಫಿಯ ಪುಟ್ಟ ಬಟ್ಟಲನ್ನು ಇವರು ಒಂದೇ ಗುಟುಕಿಗೆ ಮುಗಿಸಿದರು.

ಬಟ್ಟಲು ಖಾಲಿಯಾದದ್ದೇ ಇವರು, "ಅಶ್ರಫ್, ನೀನು ತೆಗೀತೀಯಾ?" ಎಂದು ಕೇಳಿದರು. ಅಶ್ರಫನಿಗೆ ಬೈಕು ಮಾತ್ರ ಗೊತ್ತು. "ಬಾಬಾ, ನಿಮ್ಮ ಮಗ ಇದ್ದಾರಾ?" ಮಗ ಸೊಹಾರಿನಲ್ಲಿ. ದಾರಿಯಲ್ಲಿ ಬಂದ ಗ್ಯಾಸ್ ಸಿಲಿಂಡರಿನವನನ್ನೂ ಕೇಳಿದರು. ಕೇರಿಯಲ್ಲಿ ಕಂಡವರನ್ನೆಲ್ಲ ಕೇಳಿದರು, ನನ್ನೊಬ್ಬಳನ್ನು ಬಿಟ್ಟು.

ಅಜ್ಜ ಕೋಲಿನಿಂದ ನನ್ನನ್ನು ತೋರಿಸಿ, ಸಾವಧಾನವಾದ ಹಿಂದಿಯಲ್ಲಿ, "ಮೊನ್ನೆ ಗಾಡಿ ತಂದು ನಿಲ್ಲಿಸಿದ್ದು ಈ ಮದಾಮ್ ಅಲ್ಲವೇ? ಡ್ರೈವರ್ ಇಲ್ಲೇ ಇರುವಾಗ ನೀವು ಯಾರನ್ನು ಹುಡುಕುತ್ತಿದ್ದೀರಿ?" ಎಂದರು.

ಇವರು ನನ್ನ ಮುಖ ನೋಡಿದರು. ನಾನು ಕೈ ಚಾಚಿದೆ. ಪ್ಲಾಸ್ಟಿಕ್ ಸುತ್ತಿದ ಕೀ ನನ್ನ ಅಂಗೈಗೆ ಬಂತು.

ಹಿಂದಿನ ಬಾಗಿಲಿನಿಂದ ಹತ್ತಿ, ಚೂಡಿದಾರ ಎತ್ತಿ ಕಟ್ಟಿ, ಮುಂದಿನ ಸೀಟಿಗೆ ದಾಟಿದೆ. ನನ್ನದೇ ಕೀ ಹಾಕಿ ಎಂಜಿನ್ ಶುರು ಮಾಡಿದೆ. ಹಿಂದಕ್ಕೆ ಸುಮಾರು ನಲವತ್ತು ಮೀಟರ್, ನಡುವೆ ಒಂದು ಸೊಟ್ಟ ತಿರುವು. ನನಗೆ ಕಲಿಸಿದ ಒಮಾನಿ ಉಸ್ತಾದ್ ಡ್ರಮ್ಮುಗಳ ನಡುವೆ ಹೇಳುತ್ತಿದ್ದದ್ದು ನೆನಪಾಯಿತು: "ಶ್ವಯ್ಯ ಶ್ವಯ್ಯ, ಮದಾಮ್, ಮೆಲ್ಲ ಮೆಲ್ಲ. ಆಕ್ಸಿಲರೇಟರ್ ಮರೆತುಬಿಡಿ. ಬ್ರೇಕ್ ಸಡಿಲಿಸಿದರೆ ಸಾಕು, ಗಾಡಿ ತಾನೇ ನಡೆಯುತ್ತದೆ." ಸಡಿಲಿಸಿದೆ. ಗಾಡಿ ಇರುವೆಯ ಹಾಗೆ ಹೊರಟಿತು. ಗೋಡೆಗಳನ್ನು ಗೋಡೆ ಎಂದುಕೊಳ್ಳಲಿಲ್ಲ, ಎರಡು ಸಾಲು ಡ್ರಮ್ಮು ಎಂದುಕೊಂಡೆ. ತಿರುವಿನ ಮೂಲೆ ನನ್ನ ಭುಜದ ನೇರಕ್ಕೆ ಬರುವವರೆಗೆ ಕಾದು ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದೆ. ಒಂದು ಕಡೆ ಇಷ್ಟು ಮಣ್ಣಿನ ಧೂಳು ಉದುರಿತು. ನಿಲ್ಲಿಸಿ, ಅರ್ಧ ಮೀಟರ್ ಮುಂದೆ ಹೋಗಿ, ಮತ್ತೆ ಹಿಂದೆ ಬಂದೆ. ಡ್ರಮ್ಮಿನಲ್ಲಿ ಎರಡು ಸಲ ಫೇಲಾದವಳಿಗೆ ಎಲ್ಲಿ ತಾಗುತ್ತದೆಂದು ಪಾಸಾದವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಾರಿನ ಬಾಲ ಬಿಸಿಲಿಗೆ ಬಂದಾಗ ಅಶ್ರಫ್ ಚಪ್ಪಾಳೆ ತಟ್ಟಿದ, ಗ್ಯಾಸ್ ಸಿಲಿಂಡರಿನವನು ಸಿಳ್ಳೆ ಹಾಕಿದ. ಅಜ್ಜ ಮೊನ್ನೆಯ ಹಾಗೆಯೇ ಮೆಲ್ಲನೆ ತಲೆಯಾಡಿಸಿದರು.

ಇವರು ಕಾರಿನ ಸುತ್ತ ಬರಲಿಲ್ಲ. ಗೀರು ಹುಡುಕಲಿಲ್ಲ. ಹಂಡೆಯನ್ನು ತಾವೇ ಹೊತ್ತು ತಂದು ಹಿಂದಿನ ಸೀಟಿನಲ್ಲಿಟ್ಟು, ಅದಕ್ಕೆ ಬೆಲ್ಟ್ ಕಟ್ಟಿ, ನನ್ನ ಪಕ್ಕ ಬಂದು ಕುಳಿತರು. ಊರು ದಾಟಿದ ಮೇಲೆ, "ತಪ್ಪಾಯ್ತು, ವಿನಯಾ. ನಾನಾದರೆ ಗೋಡೆಯನ್ನೇ ಕೆಡವಿಬಿಡ್ತಿದ್ದೆ" ಎಂದರು. ಇಪ್ಪತ್ತೈದು ವರ್ಷದಲ್ಲಿ ಇವರು ತಪ್ಪಾಯಿತೆಂದದ್ದು ಇದು ಎರಡನೆಯ ಸಲ. ಮೊದಲನೆಯದು ಏನೆಂದು ನೆನಪಿಲ್ಲ.

ಬಿರ್ಕತ್ ಅಲ್ ಮೌಜ್‌ನ ಬಾಳೆತೋಟದ ಪಕ್ಕ ಬಿರಿಯಾನಿ ತಿಂದು ಮತ್ತೆ ಹೊರಟೆವು. ನಾನು ನೂರ ಹತ್ತರಲ್ಲಿದ್ದೆ. ಒಂದು ಟ್ಯಾಂಕರನ್ನು ಹಿಂದೆ ಹಾಕುವಾಗ ಪಕ್ಕದಿಂದ ಧಡ್ ಎಂದು ಮ್ಯಾಟ್ ಒತ್ತುವ ಸದ್ದು ಬರಲಿಲ್ಲವಲ್ಲ ಎಂದು ಓರೆಗಣ್ಣಿನಲ್ಲಿ ನೋಡಿದೆ. ಇವರು ಚಪ್ಪಲಿ ಬಿಟ್ಟು, ಎರಡೂ ಕಾಲು ಸೀಟಿನ ಮೇಲೆ ಮಡಚಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಬೇರೆಯವರು ಓಡಿಸುವ ಗಾಡಿಯಲ್ಲಿ ಕಣ್ಣು ಮುಚ್ಚದ ಮನುಷ್ಯ. ನನ್ನ ಕಣ್ಣು ತುಂಬಿ ಬಂತು, ರಸ್ತೆ ಮಸುಕಾಗಬಾರದೆಂದು ಬೇಗ ಒರೆಸಿಕೊಂಡೆ.

ಎಬ್ಬಿಸುವ ಮನಸ್ಸಾಗಲಿಲ್ಲ. ಗುಬ್ರಾದ ತಿರುವು ಬರುವ ಮೊದಲೇ ತಿರುಗಿ, ಅಜೈಬಾದ ಕಡಲ ದಡದಲ್ಲಿ, ನೀರಿಗೆ ಎದುರಾಗಿ ನಿಲ್ಲಿಸಿದೆ. ಎಂಜಿನ್ ನಿಂತಾಗ ಇವರಿಗೆ ಎಚ್ಚರವಾಯಿತು. ಎದುರಿಗೆ ಸಮುದ್ರ ನೋಡಿ ಗಾಬರಿಯಾಗಿ, "ಎಲ್ಲಿಗೆ ಬಂದದ್ದು?" ಎಂದರು.

"ನನಗೆ ಬರಬೇಕು ಅನ್ನಿಸಿತು, ಬಂದೆ."

ಇಳಿದೆವು. ಕಾರಿಗೆ ಬೀಗ ಹಾಕಲು ಇವರು ಹಳೆಯ ಅಭ್ಯಾಸದಂತೆ ನನ್ನ ಮುಂದೆ ಕೈ ಚಾಚಿದರು. ನಾನು ಬ್ಯಾಗು ತೆರೆದು, ಪ್ಲಾಸ್ಟಿಕ್ ಸುತ್ತಿದ ಆ ಎರಡನೆಯ ಕೀಯನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ.

"ಇದು ನಿಮಗೆ" ಎಂದೆ. "ಎಲ್ಲಾದರೂ ನಾನು ಕಳೆದರೆ ಅಂತ."