ಕುಲಮುಖ್ತ್ಯಾರ್

ಎದುರು ಮನೆಯ ಅಕ್ಕ ನಕ್ಕರೆ ಮೊದಲು ಹೊಟ್ಟೆ ಕುಲುಕುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಉಡುಪಿ ಕಡೆಯವರು. ಗಂಡನ ಜೊತೆ ನೌಪಾಡಾದಲ್ಲಿ ಚಿಕ್ಕ ಹೋಟೆಲು ನಡೆಸಿ, ಅವರು ತೀರಿಕೊಂಡ ಮೇಲೆ ಡೊಂಬಿವಲಿಯ ನಮ್ಮ ಬಿಲ್ಡಿಂಗಿಗೆ ಒಬ್ಬರೇ ಬಂದಿದ್ದರು. ಮಕ್ಕಳಿರಲಿಲ್ಲ. ಸೊಸೈಟಿ ಮೀಟಿಂಗಿನಲ್ಲಿ ಮರಾಠಿಯಲ್ಲಿ ಜಗಳ ಶುರುಮಾಡಿ, ಸಿಟ್ಟು ಏರಿದಂತೆಲ್ಲ ತುಳುವಿಗೆ ಇಳಿಯುತ್ತಿದ್ದರು. ಮೈಸೂರಿನವಳಾದ ನನ್ನ ಮೇಲೆ ಅವರಿಗೆ ಒಂದೇ ಕನಿಕರ: “ಪಾಪ, ನಿನಗೆ ಬಂಗುಡೆ ಮೀನಿನ ರುಚಿಯೇ ಗೊತ್ತಿಲ್ಲ ಮಾರಾಯ್ತಿ.”

ಕೈ ನಡುಗಲು ಶುರುವಾಗಿ ಬ್ಯಾಂಕಿನಲ್ಲಿ ಸಹಿ ತಾಳೆಯಾಗದೆ ಹೋದಾಗ ಸೊಸೈಟಿಯ ಕಾರ್ಯದರ್ಶಿ ಮರಾಠಿಯಲ್ಲಿ, “ನಂಬಿಕಸ್ಥರೊಬ್ಬರ ಹೆಸರಿಗೆ ಕುಲಮುಖ್ತ್ಯಾರ್ ಪತ್ರ ಮಾಡಿಸಿಡಿ, ನಿಮ್ಮ ವ್ಯವಹಾರವನ್ನೆಲ್ಲ ಅವರು ನೋಡಿಕೊಳ್ಳುತ್ತಾರೆ” ಎಂದರು. ಅಕ್ಕ ಅಂದಿನಿಂದ ಮಂಕಾದರು. ಊಟಕ್ಕೂ ಕರೆಯಲಿಲ್ಲ, ಜಗಳಕ್ಕೂ ಬರಲಿಲ್ಲ. ಕೊನೆಗೆ ನಾನೇ ಹೋಗಿ ಕೆದಕಿದೆ.

“ನಮ್ಮ ಕುಲದವರು ಯಾರೂ ಉಳಿದಿಲ್ಲ ಅಲ್ವಾ? ನಿನ್ನನ್ನೇ ಮಾಡುವ ಅಂತ ಆಸೆ ಇತ್ತು. ಆದರೆ ನಿನ್ನ ಕುಲ ಬೇರೆ. ಎಂತ ಮಾಡುವುದು?”

ಮರಾಠಿಯ ಆ ‘ಕುಲ’ ನಮ್ಮ ಕುಲಗೋತ್ರದ್ದಲ್ಲ, ‘ಎಲ್ಲ’ ಎಂದು ಅರ್ಥ, ಎಲ್ಲ ಕೆಲಸಕ್ಕೂ ಮುಖ್ತ್ಯಾರ್, ಅಂದರೆ ಪ್ರತಿನಿಧಿ, ಅಷ್ಟೇ ಎಂದು ಬಿಡಿಸಿ ಹೇಳಿದೆ. ಅಕ್ಕ ನನ್ನನ್ನೇ ನೋಡಿದರು. ಹೊಟ್ಟೆ ಕುಲುಕಿತು. ನಗು ಬರುವುದರೊಳಗೆ ಅಳು ಬಂದುಬಿಟ್ಟಿತು.

ವಕೀಲರ ಬಳಿ ಹೋಗುವ ಮುನ್ನ ನನಗೊಂದು ಷರತ್ತು ಹಾಕಿದರು. “ನಿನಗೆ ಸರಿ ಕಂಡದ್ದು ಮಾಡಬೇಡ. ನನಗೆ ಬೇಕಾದ್ದು ಮಾಡು. ಗೊತ್ತಾಗದಿದ್ದರೆ ಕೇಳು, ಬಾಯಿ ಉಂಟಲ್ಲ?” ಪತ್ರ ನನ್ನ ಹೆಸರಿಗಾದ ಮೇಲೆ ಹಾಲಿನವನನ್ನು ಬದಲಿಸುವುದಕ್ಕೂ ಅವರನ್ನು ಕೇಳಬೇಕಿತ್ತು. ಕೆಲವೊಮ್ಮೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಕಳೆದ ವರ್ಷ ಉಸಿರಾಟ ಕಷ್ಟವಾಗಿ ಆಸ್ಪತ್ರೆ ಸೇರಿದರು. ಗುಣವಾಗುವ ಭರವಸೆ ಇಲ್ಲ, ಐಸಿಯುನಲ್ಲಿಟ್ಟರೆ ಇನ್ನಷ್ಟು ದಿನ ಸಿಗಬಹುದು ಎಂದ ಡಾಕ್ಟರು ನನ್ನ ಮುಖ ನೋಡಿದರು. ‘ಐಸಿಯುನಲ್ಲೇ ಇಡಿ’ ಎನ್ನಲು ಬಾಯಿ ತೆರೆದವಳು ತಡೆದುಕೊಂಡು, ಒಳಗೆ ಹೋಗಿ ಅಕ್ಕನನ್ನೇ ಕೇಳಿದೆ. ಬಹಳ ಕಷ್ಟಪಟ್ಟು ಒಂದು ಮಾತು ಆಡಿದರು.

“ಮನೆ.”

ಅಕ್ಕ ಇನ್ನೂ ಸ್ವಲ್ಪ ದಿನ ಇರಲಿ ಎಂಬ ಆಸೆ ನನ್ನದು, ಅವರದಲ್ಲ. ಮನೆಗೆ ಕರೆತಂದೆ. ತಮ್ಮ ಮಂಚದ ಮೇಲೆಯೇ, ನನ್ನ ಕೈ ಹಿಡಿದುಕೊಂಡೇ ಹೋದರು. ಹೆತ್ತವರೂ ನನ್ನನ್ನು ಅಷ್ಟು ನಂಬಿರಲಿಲ್ಲ.