ಸೊರಬದ ಬಳ್ಳಿ

ಲ್ಯಾಪ್‌ಟಾಪು ಬಿಸಿಯಾದಾಗ ಅದರ ಫ್ಯಾನಿನಿಂದ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬೇಕು. ಸುಟ್ಟ ಧೂಳಿನ ವಾಸನೆ. ನನ್ನದರಲ್ಲಿ ಅದಕ್ಕೆ ಅರಿಶಿನವೂ ಸೇರಿದೆ. ಶಿಕಾರಿಪುರದಲ್ಲಿ ಲಗ್ನಪತ್ರಿಕೆ ಮಾಡಿಕೊಡುವುದು ನನ್ನ ಕಸುಬು. ಕಾರ್ಡು ಅಚ್ಚಾಗಿ ಬಂದ ದಿನ ಹೆಣ್ಣಿನ ಕಡೆಯವರು ಅಂಗಡಿಯಲ್ಲೇ ಮೊದಲ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತಾರೆ. ಆಮೇಲೆ ಅದೇ ಬೆರಳನ್ನು ನನ್ನ ಪರದೆಗೆ ಒತ್ತಿ, "ಸೋದರಮಾವನ ಹೆಸರು ಬಿಟ್ಟೈತಲ್ರೀ" ಅನ್ನುತ್ತಾರೆ.

ಇವತ್ತು ಬೆಳಿಗ್ಗೆ ಆ ವಾಸನೆಯ ಮಧ್ಯದಲ್ಲೇ ಪರದೆ ನನ್ನನ್ನು ಕೇಳಿತು: ಎಲ್ಲವನ್ನೂ ಅಳಿಸಲೇ? ಹಾಗೆ ಕೇಳುವಂತೆ ಮಾಡಿದವನೂ ನಾನೇ. ಯಂತ್ರ ಎಷ್ಟು ನಿಧಾನವಾಗಿತ್ತೆಂದರೆ ಒಂದು ಕಾರ್ಡು ತೆರೆಯುವಷ್ಟರಲ್ಲಿ ಮದುವೆಯೇ ಮುಗಿದೀತು. ಒಳಗಿನದನ್ನೆಲ್ಲ ಒರೆಸಿ, ಹೊಸದಾಗಿ ಸಿಸ್ಟಮ್ ಹಾಕುವುದೊಂದೇ ದಾರಿ. ಆದರೂ ಬೆರಳು ನಿಂತಿತು. ಐದಾರು ವರ್ಷದ ಹಿಂದೆ ಇದೇ ಪ್ರಶ್ನೆಗೆ ನಾನು ಧೈರ್ಯವಾಗಿ ಹೌದು ಎಂದಿದ್ದೆ.

ಧೈರ್ಯವಾಗಿ ಎಂದರೆ ನನ್ನ ಲೆಕ್ಕದಲ್ಲಿ. ಆಗ ಫೈಲುಗಳನ್ನೆಲ್ಲ ಮೂರು ಪೆನ್‌ಡ್ರೈವಿಗೆ ತುಂಬಿಸಿದ್ದೆ. ಒಂದು ಅಂಗಡಿಯ ಗಲ್ಲಾದಲ್ಲಿ, ಒಂದು ಅಂಗಿಯ ಜೇಬಿನಲ್ಲಿ, ಇನ್ನೊಂದು ಮನೆಯ ಅಕ್ಕಿ ಡಬ್ಬಿಯಲ್ಲಿ. "ನಾಕನೇದೊಂದು ಮಾಡ್ರಿ, ಅಂಬ್ಲಿಗೊಳ ಡ್ಯಾಮಿಗೆ ಒಗೆದು ಬರ್ರಿ. ಅಲ್ಲಿ ಕಳ್ರು ಬರಂಗಿಲ್ಲ," ಎಂದಿದ್ದಳು ನನ್ನ ಹೆಂಡತಿ. ಇಷ್ಟೆಲ್ಲ ಆದಮೇಲೆ ಅಳಿಸಿದೆ. ಹೊಸ ಸಿಸ್ಟಮ್ ಹಾಕಿದೆ. ಮಾರನೇ ದಿನ ಅಚ್ಚಿಗೆ ಹೋಗಬೇಕಾದ ಕಾರ್ಡು ತೆರೆದೆ. ವರನ ಹೆಸರಿದ್ದಲ್ಲಿ ತಲೆಯ ಮೇಲೆ ಎರಡು ಚುಕ್ಕಿ ಹೊತ್ತ ಇಂಗ್ಲಿಷಿನ ಅಕ್ಷರ, ವಧುವಿನ ಜಾಗದಲ್ಲಿ ಪೌಂಡಿನ ಗುರುತು, ಮುಹೂರ್ತದ ಸಾಲಿನುದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆ.

ನಮ್ಮ ಕಸುಬಿನಲ್ಲಿ ಇವತ್ತಿಗೂ ಹಳೇ ಕಾಲದ ಕನ್ನಡ ಫಾಂಟುಗಳೇ ನಡೆಯುತ್ತವೆ. ಅವು ಕಾರ್ಡಿನ ಫೈಲಿನಲ್ಲಿರುವುದಿಲ್ಲ, ಸಿಸ್ಟಮಿನ ಹೊಟ್ಟೆಯಲ್ಲಿರುತ್ತವೆ. ಸಿಸ್ಟಮ್ ಅಳಿಸಿದರೆ ಅವೂ ಹೋದವು. ಬರೆದದ್ದನ್ನೆಲ್ಲ ಮೂರು ಕಡೆ ಬಚ್ಚಿಟ್ಟವನು ಅಕ್ಷರಗಳನ್ನೇ ಮರೆತಿದ್ದೆ.

ಆ ಫಾಂಟುಗಳು ಬೇರೆಲ್ಲೂ ಸಿಗುವಂಥವಲ್ಲ. ನಾನು ಕೆಲಸ ಕಲಿತದ್ದು ಆನವಟ್ಟಿಯ ಒಂದು ಪ್ರೆಸ್ಸಿನಲ್ಲಿ. ಅಲ್ಲಿನ ಯಜಮಾನರು ಒತ್ತಕ್ಷರಗಳನ್ನು ತಮಗೆ ಬೇಕಾದ ಹಾಗೆ ತಿದ್ದಿಸಿ, ಒಂದು ಸಿ.ಡಿ.ಗೆ ಹಾಕಿಸಿ, ಪ್ರೆಸ್ಸು ಮುಚ್ಚುವಾಗ ಇಬ್ಬರು ಶಿಷ್ಯರಿಗೆ ಒಂದೊಂದು ಕೊಟ್ಟಿದ್ದರು. ನನ್ನ ಸಿ.ಡಿ. ಎಲ್ಲಿತ್ತು ಎಂದು ಕೇಳಬೇಡಿ. ಕೇಳಿದರೆ ಹೇಳುತ್ತೇನೆ: ಹಿತ್ತಲಿನ ತೊಂಡೆ ಚಪ್ಪರದಲ್ಲಿ, ಹಕ್ಕಿ ಬೆದರಿಸಲು ದಾರ ಕಟ್ಟಿ ನಾನೇ ನೇತುಹಾಕಿದ್ದೆ. ಬಿಸಿಲಿಗೆ ಅದರ ಬೆಳ್ಳಿಯೆಲ್ಲ ಕಿತ್ತುಹೋಗಿತ್ತು.

ಇನ್ನೊಂದು ಇದ್ದದ್ದು ರಹಮತ್ ಹತ್ತಿರ, ಸೊರಬದಲ್ಲಿ.

ರಹಮತ್ ನನ್ನ ಜೊತೆಯಲ್ಲೇ ಕಲಿತವನು. ಎದುರಿಗೆ ಸಾಬ್ರೆ, ಬನ್ನಿ, ಕೂತ್ಕೊಳ್ಳಿ. ಮನಸ್ಸಿನಲ್ಲಿ ಮಾತ್ರ ಏಕವಚನ. ಯಜಮಾನರು ದಿನಕ್ಕೆರಡು ಸಲ "ರಹಮತನ ಕೈ ನೋಡೋ" ಅನ್ನುತ್ತಿದ್ದರು. ನಾನು ನೋಡುತ್ತಿದ್ದೆ, ಊಟ ಇಳಿಯುತ್ತಿರಲಿಲ್ಲ. ಯಾವ ಮನೆತನದ ಕಾರ್ಡಿಗೆ ಯಾವ ದೇವರು ಮೇಲೆ, ಯಾರ ಹೆಸರು ಯಾರಿಗಿಂತ ಮೊದಲು, ಎಲ್ಲವೂ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಶಿಕಾರಿಪುರದ ಜನ ನನ್ನ ಅಂಗಡಿಯ ಮುಂದೆಯೇ ಹಾದು ಸೊರಬದ ಬಸ್ಸು ಹತ್ತುತ್ತಿದ್ದರು. ಕೊನೆಗೆ ನನ್ನ ಹೆಂಡತಿಯ ಅಣ್ಣ ತನ್ನ ಮಗಳ ಮದುವೆ ಕಾರ್ಡು ಹಿಡಿದು ಬಂದು, "ಬೇಜಾರ್ ಮಾಡ್ಕಬ್ಯಾಡ್ರಿ ಭಾವ, ಬೀಗ್ರ ಒತ್ತಾಯ, ಸೊರಬದಾಗೆ ಮಾಡಿಸಿಬಿಟ್ವಿ," ಅಂದ. ನಾನು ನಕ್ಕೆ. ಅವನು ಹೋದಮೇಲೆ ಆ ಕಾರ್ಡಿನ ತಪ್ಪು ಹುಡುಕಲು ಕೂತೆ. ಒಂದು ಕಡೆ ಕೊಂಬು ಬಿಟ್ಟುಹೋಗಿತ್ತು. ಆ ಸಂತೋಷಕ್ಕೆ ಮದುವೆಯಲ್ಲಿ ಎರಡು ಹೋಳಿಗೆ ಜಾಸ್ತಿ ತಿಂದೆ.

ಈಗ ನಿಜ ಹೇಳಿಬಿಡುತ್ತೇನೆ. ಅವನ ಕಾರ್ಡುಗಳ ಅಂಚಿನಲ್ಲಿ ಒಂದು ಎಲೆಬಳ್ಳಿ ಇರುತ್ತಿತ್ತು, ಕೈಯಲ್ಲೇ ಬರೆದದ್ದು. ಅದನ್ನು ನಾನು ಎಂದೋ ಸ್ಕ್ಯಾನ್ ಮಾಡಿಕೊಂಡು ವರ್ಷಗಟ್ಟಲೆ ನನ್ನ ಕಾರ್ಡುಗಳಿಗೆಲ್ಲ ಹಾಕುತ್ತಿದ್ದೆ. ಫೈಲಿಗೆ ಇಟ್ಟ ಹೆಸರು 'ಸೊರಬ ಬಳ್ಳಿ'. ಕದ್ದವನಿಗೆ ಇರಬೇಕಾದ ಕನಿಷ್ಠ ಬುದ್ಧಿಯೂ ನನಗಿರಲಿಲ್ಲ.

ಹೀಗಾಗಿ ಅವತ್ತು ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡು ಸೊರಬದ ಬಸ್ಸಿನಲ್ಲಿ ಕೂತಾಗ ನನಗಿದ್ದ ಚಿಂತೆ ಒಂದೇ: ಫಾಂಟು ಸಿಗಬೇಕು, ಬಳ್ಳಿ ಅವನ ಕಣ್ಣಿಗೆ ಬೀಳಬಾರದು.

ರಹಮತ್ ಎರಡು ನಿಮಿಷದಲ್ಲಿ ಫಾಂಟು ಹಾಕಿಕೊಟ್ಟ. ಚಾ ತರಿಸಿದ. ನಾನು ಒಂದೇ ಗುಟುಕಿಗೆ ಕುಡಿದು ಎದ್ದೆ.

"ಬಸ್ಸಿಗೆ ಹೊತ್ತಾಯ್ತು ಸಾಬ್ರೆ."

"ಬಸ್ಸು ಇನ್ನೂ ಆನವಟ್ಟೀನೇ ಬಿಟ್ಟಿರಲ್ಲ. ಕೂತ್ಕಳಿ ಮಾರಾಯ್ರೆ. ಊರಿಗೋದ್ಮೇಲೆ ಒತ್ತಕ್ಷರ ಕಿತ್ಕೊಂಡ್ರೆ ಮತ್ತೆ ಬರ್ತೀರಾ? ಒಂದು ಕಾರ್ಡ್ ತೆಗೀರಿ, ನೋಡಿಬಿಡಾಣ."

ಯೋಚಿಸಿ, ಒಂದು ವೈಕುಂಠ ಸಮಾರಾಧನೆಯ ಪತ್ರ ತೆಗೆದೆ. ಸತ್ತವರಿಗೆ ಬಳ್ಳಿ ಹಾಕುವುದಿಲ್ಲ.

"ಇದ್ರಲ್ಲಿ ಎಷ್ಟು ಒತ್ತಕ್ಷರ ಸಿಗ್ತವೆ? ಮದ್ವೇದು ತೆಗೀರಿ. ಬೀಗರ ಹೆಸರು ರಾಶಿ ಇರ್ತವೆ," ಎಂದು ಮೌಸನ್ನು ತಾನೇ ಎಳೆದುಕೊಂಡ.

ಅಳಿಸಿದ ಯಂತ್ರಕ್ಕೆ ಹಳೆಯ ಜಾಗಗಳ ನೆನಪಿಲ್ಲವಲ್ಲ. ಕಾರ್ಡು ತೆರೆಯುತ್ತಲೇ ಅದು ದೊಡ್ಡ ಅಕ್ಷರದಲ್ಲಿ ಕೇಳಿತು: 'ಸೊರಬ ಬಳ್ಳಿ' ಸಿಗುತ್ತಿಲ್ಲ, ಎಲ್ಲಿದೆ ತೋರಿಸಿ.

ರಹಮತ್ ಅದನ್ನು ಬಾಯಿಬಿಟ್ಟು ಓದಿದ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಎಂದು ಹುಡುಕುತ್ತಿದ್ದೆ.

"ಪೆನ್‌ಡ್ರೈವಲ್ಲಿ ಎಲ್ಲಿಟ್ಟಿದೀರಿ?" ಎಂದ, ಚಪ್ಪಲಿ ಎಲ್ಲಿ ಬಿಟ್ಟಿದ್ದೀರಿ ಎಂದು ಕೇಳಿದ ಹಾಗೆ. ಹೇಳಿದೆ. ಯಂತ್ರಕ್ಕೆ ತೋರಿಸಿದ. ಬಳ್ಳಿ ಬಂದು ಕಾರ್ಡಿನ ಸುತ್ತ ಹಬ್ಬಿತು.

ಅವನು ಸ್ವಲ್ಪ ಹೊತ್ತು ನೋಡಿದ. "ಇದು ನನ್ನ ಮೊದಲ್ನೇ ಬಳ್ಳಿ. ಇದ್ರಲ್ಲಿ ತಪ್ಪೈತೆ ನೋಡಿ. ಎಲ್ಲಾ ಎಲೆ ಹೊರಗಡೆ ತಿರುಗಿದ್ರೆ ಎಡಗಡೆ ಮೂಲೇಲಿ ಇದೊಂದು ಉಲ್ಟಾ ಕೂತೈತೆ. ನಾನು ಆಗ್ಲೇ ಸರಿ ಮಾಡ್ಕೊಂಡೆ. ನೀವು ಇನ್ನೂ ಇದನ್ನೇ ಹಾಕ್ತಿದೀರಿ." ಅಷ್ಟೇ. ಸರಿ ಮಾಡಿದ ಬಳ್ಳಿಯನ್ನೂ ನನ್ನ ಪೆನ್‌ಡ್ರೈವಿಗೆ ಹಾಕಿ, ಬಸ್ ಸ್ಟ್ಯಾಂಡಿನವರೆಗೆ ಬಂದು ಹತ್ತಿಸಿ ಹೋದ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮನೆಗೆ ಹೋಗಿ ಅವನು ಎಂಥ ಮನುಷ್ಯ ಎಂದು ಹೆಂಡತಿಗೆ ವಿವರಿಸಬಹುದಿತ್ತು. ಅದಕ್ಕೂ ದಾರಿಯಿಲ್ಲದ ಹಾಗೆ ಮಾಡಿದ. ಅಲ್ಲಿಯವರೆಗೆ ಅವನ ಕೈ ನೋಡಿ ಹೊಟ್ಟೆ ಉರಿಯುತ್ತಿತ್ತು. ಆ ಬಸ್ಸಿನಲ್ಲಿ ಅವನಿಗೆ ಹೊಟ್ಟೆಕಿಚ್ಚೇ ಇಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಅವನು ಕೊಟ್ಟ ಬಳ್ಳಿಯನ್ನು ನಾನು ತೆರೆದೇ ನೋಡಲಿಲ್ಲ. ಹಟ. ಉಲ್ಟಾ ಎಲೆಯದನ್ನೇ ಹಾಕುತ್ತ ಬಂದೆ.

ಇವತ್ತು ಮೊದಲು ಫಾಂಟುಗಳನ್ನು ಪೆನ್‌ಡ್ರೈವಿಗೆ ಹಾಕಿದೆ, ಆಮೇಲೆ ಉಳಿದದ್ದು. ಆಗ ಎರಡು ಬಳ್ಳಿಗಳೂ ಅಕ್ಕಪಕ್ಕ ಕಂಡವು. ಎಷ್ಟಂದರೂ ಅಳಿಸುವ ದಿನ, ನೋಡೋಣ ಎಂದು ಎರಡನ್ನೂ ತೆರೆದೆ. ತಿದ್ದಿದ್ದರಲ್ಲಿ ಎಲ್ಲ ಎಲೆಗಳೂ ಶಿಸ್ತಾಗಿ ಹೊರಗೆ ಮುಖಮಾಡಿ, ಊಟದ ಹಾಲ್ ಯಾವಾಗ ತೆಗೆಯುತ್ತಾರೆ ಎಂದು ಕಾಯುವ ನೆಂಟರ ಹಾಗೆ ನಿಂತಿದ್ದವು. ಹಳೆಯದರಲ್ಲಿ ಒಂದೇ ಒಂದು ಎಲೆ ಒಳಗೆ ತಿರುಗಿ ಹುಡುಗ ಹುಡುಗಿಯ ಹೆಸರು ಓದುತ್ತಿತ್ತು. ಅದರಿಂದಲೇ ಇಡೀ ಬಳ್ಳಿಗೆ ಜೀವ.

ಎದ್ದು ಕುಣಿಯಬೇಕೆನಿಸಿತು. ಅವನದಕ್ಕಿಂತ ಚೆಂದದ್ದು ಒಂದು ನನ್ನ ಹತ್ತಿರ ಇದೆ. ಮರುಕ್ಷಣವೇ ಹೊಳೆಯಿತು, ಅದೂ ಅವನದೇ.

ಫೋನ್ ಮಾಡಿದೆ. "ಸಾಬ್ರೆ, ಆ ಉಲ್ಟಾ ಎಲೆ ಬಳ್ಳಿ ನಿಮ್ಮತ್ರ ಇದೆಯಾ?"

"ಎಲ್ಲಿಂದ ಬರ್ಬೇಕು? ಎಷ್ಟು ಸಲ ಯಂತ್ರ ಅಳಿಸಿ ಹಾಕ್ಸಿದೀನಿ. ಹೋಯ್ತು ಅದು. ಯಾಕೆ?"

ಅಂದರೆ ಜಗತ್ತಿನಲ್ಲಿ ಅದು ಇರುವುದು ನನ್ನೊಬ್ಬನ ಹತ್ತಿರ. ಸುಮ್ಮನೆ ಕೇಳಿದೆ ಅನ್ನಬಹುದಿತ್ತು. ನಾಲಿಗೆ ಅದಕ್ಕೆ ತಯಾರಾಗಿಯೂ ಇತ್ತು.

"ಅದೇ ಚೆನ್ನಾಗಿತ್ತು," ಎಂದೆ. "ನೀವು ಸರಿ ಮಾಡಬಾರದಿತ್ತು."

"ಹಂಗಾದ್ರೆ ಇಷ್ಟು ವರ್ಷ ಚೆನ್ನಾಗಿರೋ ಬಳ್ಳೀನ ಊರಿಗೆಲ್ಲ ಹಂಚಿದ್ದು ನೀವೇ ಅನ್ನಿ," ಎಂದ. ದನಿಯ ಅಡಿಯಲ್ಲಿ ಎಲ್ಲೋ ಒಂದು ಚೂರು ಕಿಚ್ಚಿನ ಹೊಗೆ. ಬೇರೆಯವರಾಗಿದ್ದರೆ ಗೊತ್ತಾಗುತ್ತಿರಲಿಲ್ಲ, ಆ ಹೊಗೆಯಲ್ಲೇ ವಯಸ್ಸು ಕಳೆದವನು ನಾನು.

"ನಾಳೆ ಬಸ್ಸಿಗೆ ತಂದುಕೊಡ್ತೀನಿ ಸಾಬ್ರೆ," ಎಂದು ಫೋನಿಟ್ಟೆ. ಪೆನ್‌ಡ್ರೈವ್ ಜೇಬಿನಲ್ಲಿದೆಯೇ ಎಂದು ಮೂರು ಸಲ ಮುಟ್ಟಿ ನೋಡಿಕೊಂಡು, ಪರದೆಯ ಪ್ರಶ್ನೆಗೆ ಹೌದು ಎಂದೆ.